ಅಂಕಪಟ್ಟಿಯ ನೀತಿ, ಅಂಗಡಿಯ ನೀತಿ

ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಮಕ್ಕಳು ಎಂ.ಬಿ.ಎ.ಯಲ್ಲಿ ವ್ಯವಹಾರ ಕಾನೂನನ್ನೂ ನೀತಿಯನ್ನೂ ಓದುವುದು ಸಂತೋಷವೇ. ಆದರೆ ಇದನ್ನು ಹೊಸ ವಿದ್ಯೆಯೆನ್ನುವುದು ನಮ್ಮ ಮರೆವು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳಿದೆ: ಕಳವಿಗೆ ಪ್ರೇರಣೆ, ಕದ್ದ ಮಾಲಿನ ಸ್ವೀಕಾರ, ರಾಜ್ಯಶಾಸನದ ಉಲ್ಲಂಘನೆ, ಅಳತೆ-ತೂಕದ ಮೋಸ, ಕಲಬೆರಕೆ.

2013ರ ಕಂಪನಿ ಕಾಯಿದೆಯ 135ನೆಯ ಕಲಮು ದೊಡ್ಡ ಕಂಪನಿಗಳಿಂದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕಾಗಿ ಕೇಳುತ್ತದೆ. ಆ ಲಾಭ ಬಂದ ದಾರಿಯನ್ನು ಆ ಕಲಮು ಕೇಳದು. ವ್ರತವಾದರೋ ಅದನ್ನೇ ಮೊದಲು ಕೇಳುತ್ತದೆ.

ಅರಿಸಿನದ ತೂಕದಲ್ಲಿ ರೈತನನ್ನು ವಂಚಿಸಿದ ಹಣ ಬಸದಿಯ ಕಲಶವಾದರೆ ಪುಣ್ಯವೆ? ಟ್ರಸ್ಟಿನ ಮಹನೀಯರೇ, ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ ಹಣದ ಮೂಲವನ್ನು ವಿಚಾರಿಸಿರಿ. ತಂದೆಯ ಅಂಗಡಿಯಲ್ಲಿ ಎರಡು ಬಗೆಯ ತೂಕದ ಕಲ್ಲುಗಳಿದ್ದರೆ, ಮಗನ ನೀತಿಪಾಠ ಅಂಕಪಟ್ಟಿಯಲ್ಲಿಯೇ ಮುಗಿಯುತ್ತದೆ.