ಕಣ್ಣಿಗೆ ಬೆಳಕೋ, ಬಿಸಿ ಬಟ್ಟೆಯೋ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನಗೆ ಪುಸ್ತಕಕ್ಕಿಂತ ಮೊಬೈಲೇ ಹೆಚ್ಚು. ಮೇಲೆ ಗಬ್ಬೂರ ಬೈಪಾಸಿನ ದೂಳು. ಸಂಜೆಯಾದರೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ. ವೈದ್ಯರು 'ಡ್ರೈ ಐ' ಎಂದು ಹನಿ ಔಷಧಿ ಬರೆದರು, ಬಿಸಿ ಬಟ್ಟೆಯ ಶಾಖ ಕೊಡಲು ಹೇಳಿದರು. ಗೆಳೆಯ ಮಾತ್ರ, 'ಈಗ ಐಪಿಎಲ್ ಬಂದದಲ್ಲೋ' ಎಂದ. ಕ್ರಿಕೆಟ್ ಅಲ್ಲ, ಇಂಟೆನ್ಸ್ ಪಲ್ಸ್ಡ್ ಲೈಟ್! ಕೋಚಿಂಗ್ ಶುಲ್ಕದ ಹಣವನ್ನೇ ಅದಕ್ಕೆ ಹಾಕೋಣ ಎನಿಸಿತು.

ಆಮೇಲೆ ಓದಿ ನೋಡಿದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳ ಎಣ್ಣೆ ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಗ್ರಂಥಿ ಕಟ್ಟಿಕೊಂಡರೆ ಕಣ್ಣು ಒಣಗುತ್ತದೆ. ಪರದೆ ನೋಡುವಾಗ ರೆಪ್ಪೆ ಬಡಿಯುವುದೂ ಕಡಿಮೆ. ಶಾಖ ಗಟ್ಟಿಯಾದ ಎಣ್ಣೆಯನ್ನು ಕರಗಿಸುತ್ತದೆ, ಹನಿ ತೇವ ಕೊಡುತ್ತದೆ. ಐಪಿಎಲ್‌ನಲ್ಲಿ ಕಣ್ಣು ಮುಚ್ಚಿ ರಕ್ಷಣೆ ಕೊಟ್ಟು, ಕೆನ್ನೆಯ ಚರ್ಮದ ಮೇಲೆ ಬೆಳಕು ಹಾಯಿಸುತ್ತಾರೆ. ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು.

2020ರ ಕಾಕ್ರೇನ್ ವಿಮರ್ಶೆ ಇದಕ್ಕೆ ಪುರಾವೆ ಸಾಲದು ಎಂದಿತ್ತು. ನಂತರದ ಕೆಲವು ಪ್ರಯೋಗಗಳಲ್ಲಿ ಪ್ರಯೋಜನ ಕಂಡಿದೆ. 2021ರಲ್ಲಿ ಅಮೆರಿಕದ ಎಫ್‌ಡಿಎ ಒಂದು ಯಂತ್ರಕ್ಕೆ ಅನುಮತಿ ಕೊಟ್ಟಿತು. ಅದರ ಷರತ್ತು ನೋಡಿ: 22 ವರ್ಷ ತುಂಬಿರಬೇಕು, ಚರ್ಮ ತೀರಾ ಗಾಢ ಬಣ್ಣದ್ದಾಗಿರಬಾರದು, ಏಕೆಂದರೆ ಅದು ಬೆಳಕನ್ನು ಹೆಚ್ಚು ಹೀರಿ ಸುಡಬಹುದು, ಹನಿ, ಶಾಖಗಳ ಜೊತೆಗೆ ಪೂರಕವಾಗಿಯಷ್ಟೇ ಬಳಸಬೇಕು.

ಅಂದರೆ ಬೆಳಕು ಬಂದರೂ ಬಿಸಿ ಬಟ್ಟೆ ತಪ್ಪದು. ನನಗಿನ್ನೂ 21, ಮೈಬಣ್ಣ ಕಪ್ಪು. ಕೋಚಿಂಗ್ ಹಣ ಉಳಿಯಿತು. ಜಾಹೀರಾತು ನೋಡಿ ಹೊರಡುವ ಮುನ್ನ ವೈದ್ಯರನ್ನು ಕೇಳಿ: ನನ್ನ ವಯಸ್ಸಿಗೆ, ನನ್ನ ಚರ್ಮಕ್ಕೆ, ನನ್ನ ಕಾಯಿಲೆಗೆ ಇದು ಹೊಂದುತ್ತದೆಯೇ?