ಕಂಸಾಳೆ ಗೇಮು ಬರಲಿ, ನಾನು ಕಾಯುತ್ತಿದ್ದೇನೆ

ನಮ್ಮ ಚಾಮರಾಜನಗರದ ಕಡೆ ಜನಪದದ ಬಗ್ಗೆ ಯಾವ ಕಾರ್ಯಕ್ರಮ ನಡೆದರೂ ಒಂದು ಮಾತು ಬಂದೇ ಬರುತ್ತದೆ. ಈ ಮೊಬೈಲು, ಈ ವಿಡಿಯೋ ಗೇಮು ಬಂದು ನಮ್ಮ ಮಕ್ಕಳ ಕೈಯಿಂದ ಕಂಸಾಳೆ ಕಿತ್ತುಕೊಂಡವು ಅಂತ. ಹೇಳುವವರು ತಿಳಿದವರು, ಹೇಳುವಾಗ ಗಂಟಲು ಕಟ್ಟುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಹೋದ ತಿಂಗಳು ಅಂಥದೇ ಒಂದು ಸಭೆಯಲ್ಲಿ ನಾನೂ ಅಭ್ಯಾಸಬಲದಿಂದ ತಟ್ಟಿದೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು ತಟ್ಟಲಿಲ್ಲ. ಒಂಬತ್ತನೇ ಕ್ಲಾಸು. ನನ್ನ ಕಿವಿ ಹತ್ತಿರ ಬಂದು, "ಮಾವ, ನನ್ ಕೈಲಿ ಕಂಸಾಳೆ ಯಾವಾಗಿತ್ತು?" ಅಂದಳು.

ಈ ಬರಹ ಅವಳ ಪ್ರಶ್ನೆಗೆ ಉತ್ತರವಲ್ಲ, ಉತ್ತರ ಅವಳಿಗೂ ಗೊತ್ತಿದೆ. ಇದು ಆ ಚಪ್ಪಾಳೆಯನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಬರೆದದ್ದು.

ಮೊದಲು ನನ್ನ ಹಳೆಯ ಹುಚ್ಚನ್ನು ಒಪ್ಪಿಕೊಳ್ಳಬೇಕು. 2008ರಲ್ಲಿ ನಾನು ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಿದ್ದೆ. ಕಾಲೇಜು ಮುಗಿದ ಮೇಲೆ ಗಂಟೆಗಿಷ್ಟು ಅಂತ ಕೊಟ್ಟು ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದೆ. ಆಗ ಜಗತ್ತೆಲ್ಲ ಗಿಟಾರ್ ಹೀರೋ ಆಡುತ್ತಿತ್ತು. 2005ರಲ್ಲಿ ಹಾರ್ಮೊನಿಕ್ಸ್ ಮತ್ತು ರೆಡ್‌ಆಕ್ಟೇನ್ ಕಂಪನಿಗಳು ಪ್ಲೇಸ್ಟೇಷನ್ 2ಕ್ಕೆ ತಂದ ಆಟ. ಪ್ಲಾಸ್ಟಿಕ್ ಗಿಟಾರು, ಅದರ ಕುತ್ತಿಗೆಯ ಮೇಲೆ ಐದು ಬಣ್ಣದ ಗುಂಡಿ. ಪರದೆಯ ಮೇಲೆ ಒಂದು ರಸ್ತೆ ನಮ್ಮ ಕಡೆಗೆ ಓಡಿ ಬರುತ್ತದೆ, ಆ ರಸ್ತೆಯ ತುಂಬ ಬಣ್ಣದ ಬಿಲ್ಲೆಗಳು. ಬಿಲ್ಲೆ ಗೆರೆಗೆ ಬಂದ ಕ್ಷಣಕ್ಕೆ ಸರಿಯಾಗಿ ಅದೇ ಬಣ್ಣದ ಗುಂಡಿ ಒತ್ತಿ, ಇನ್ನೊಂದು ಕೈಯಲ್ಲಿ ಮೀಟಬೇಕು. ಮೀಟಿದರೆ ಗಿಟಾರು ಕೇಳುತ್ತದೆ. ತಪ್ಪಿದರೆ ಹಾಡಿನಿಂದ ಗಿಟಾರು ಮಾತ್ರ ಮಾಯವಾಗುತ್ತದೆ, ಉಳಿದದ್ದು ನಡೆಯುತ್ತಿರುತ್ತದೆ.

ಆ ಪ್ಲಾಸ್ಟಿಕ್ ಗಿಟಾರನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಫ್ರೆಟ್ಸ್ ಆನ್ ಫೈರ್ ಅಂತ ಒಂದು ಪುಕ್ಕಟೆ ಆಟವಿತ್ತು, ಫಿನ್ಲೆಂಡಿನ ಹುಡುಗರು 2006ರಲ್ಲಿ ಮಾಡಿದ್ದು. ಕಂಪ್ಯೂಟರಿನ ಕೀಬೋರ್ಡನ್ನೇ ಎತ್ತಿ ಎದೆಗೆ ಅಡ್ಡ ಹಿಡಿದು, ಎಡಗೈಯಲ್ಲಿ ಎಫ್ 1ರಿಂದ ಎಫ್ 5, ಬಲಗೈಯಲ್ಲಿ ಎಂಟರ್. ಸೈಬರಿನವನು ವೈರು ಕಿತ್ತು ಬರುತ್ತೆ ಅಂತ ಬೈಯುತ್ತಿದ್ದ. ಬಂದೂ ಇತ್ತು, ಒಂದು ಸಲ.

ಆ ವರ್ಷವೇ ಸುದ್ದಿ ಬಂತು. ಗಿಟಾರ್ ಹೀರೋ ಕೈಯಲ್ಲಿ ಹಿಡಿಯುವ ನಿಂಟೆಂಡೊ ಡಿಎಸ್‌ಗೆ ಬರುತ್ತಂತೆ. ಹೆಸರು ಆನ್ ಟೂರ್. ಜೂನ್ 22ಕ್ಕೆ ಅಮೆರಿಕದಲ್ಲಿ ಬಿಡುಗಡೆ. ನಾನು ಕಾದೆ. ಅದರ ಬಗ್ಗೆ ಬಂದ ಪ್ರತಿ ಸಾಲನ್ನೂ ಓದಿದೆ. ಹಳೆಯ ಗೇಮ್‌ಬಾಯ್ ಆಟಗಳನ್ನು ತುರುಕುವ ಸಂದಿಗೆ ಒಂದು ಹಿಡಿ ಸಿಕ್ಕಿಸಬೇಕು, ಅದರಲ್ಲಿ ಐದರ ಬದಲು ನಾಲ್ಕೇ ಗುಂಡಿ. ಮುಟ್ಟುವ ಪರದೆಯ ಮೇಲೆ ಮೀಟುವ ಕಡ್ಡಿಯ ಆಕಾರದ ಸ್ಟೈಲಸ್ಸಿನಿಂದ ಗೀಚಬೇಕು. ಮೈಕಿನಲ್ಲಿ ಕೂಗಿದರೆ ಸ್ಟಾರ್ ಪವರ್ ಹೊತ್ತಿಕೊಳ್ಳುತ್ತದೆ. ಹಿಡಿದು ಹಿಡಿದು ಮಣಿಕಟ್ಟು ನೋಯುತ್ತದೆ ಅಂತ ಆಮೇಲೆ ಆಡಿದವರೆಲ್ಲ ಗೋಳಾಡಿದರು. ನನಗೆ ಆ ನೋವಿನ ಮೇಲೂ ಆಸೆ. ನನ್ನ ಹತ್ತಿರ ಡಿಎಸ್ ಇರಲಿಲ್ಲ, ನನಗೆ ಗೊತ್ತಿದ್ದ ಯಾರ ಹತ್ತಿರವೂ ಇರಲಿಲ್ಲ, ಕೊಳ್ಳುವ ದಾರಿ ಮೊದಲೇ ಇರಲಿಲ್ಲ. ಆದರೂ ಹಬ್ಬಕ್ಕೆ ಕಾದ ಹಾಗೆ ಕಾದೆ.

ಯಾಕೆ ಅಂತ ಈಗ ಯೋಚಿಸಿದರೆ ಕಾರಣ ಸರಳ. ಮನೆಯಲ್ಲಿ ಇದ್ದದ್ದು ಒಂದು ಟಿವಿ, ಅದು ತಾತನದು. ಸೈಬರಿನ ಕೀಬೋರ್ಡು ಸೈಬರಿನವನದು. ಕೈಯಲ್ಲಿ ಹಿಡಿಯುವಂಥದ್ದಾದರೆ ಬಸ್ಸಿನ ಹಿಂದಿನ ಸೀಟಿನಲ್ಲಿ, ದಿವ್ಯಲಿಂಗೇಶ್ವರನ ಗುಡಿಯ ಜಗುಲಿಯ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ ತಾಳ ಹಾಕಬಹುದು. ಈ ಅಪ್ಪಣೆ ಅನ್ನುವ ಮಾತನ್ನು ಓದುಗರು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಫ್ರೆಟ್ಸ್ ಆನ್ ಫೈರಿನಲ್ಲಿ ನಮ್ಮ ಹಾಡನ್ನು ನಾವೇ ಸೇರಿಸಿಕೊಳ್ಳುವ ಸೌಲಭ್ಯವಿತ್ತು. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಒಂದು ಮಾದಪ್ಪನ ಕತೆ ನನ್ನ ಹತ್ತಿರ ಇತ್ತು, ನಲವತ್ತೇಳು ನಿಮಿಷದ್ದು. ಅದರ ಕಂಸಾಳೆಯ ಪ್ರತಿ ಪೆಟ್ಟಿಗೂ ಒಂದು ಬಿಲ್ಲೆ ಇಡೋಣ ಅಂತ ಹೊರಟೆ. ಹಾಡು ಸೇರಿಸುವಾಗ ಆಟ ಒಂದೇ ಪ್ರಶ್ನೆ ಕೇಳುತ್ತದೆ: ನಿಮಿಷಕ್ಕೆ ಎಷ್ಟು ಪೆಟ್ಟು? ಎಣಿಸಿ ಬರೆದೆ. ಮೊದಲ ನಿಮಿಷ ಚೆನ್ನಾಗಿ ಕೂತಿತು. ಎರಡನೆಯದರಲ್ಲಿ ಬಿಲ್ಲೆಗಳು ಕೊಂಚ ಹಿಂದೆ ಬಿದ್ದವು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಇಡೀ ಒಂದು ಪೆಟ್ಟು ಆಚೀಚೆ. ಮತ್ತೆ ಎಣಿಸಿದೆ, ಮತ್ತೆ ಹಾಕಿದೆ. ಮೂರು ಸಂಜೆ, ಕಿಸೆಯಲ್ಲಿದ್ದ ದುಡ್ಡೆಲ್ಲ ಹೋಯಿತು. ಕೊನೆಗೆ ನನ್ನ ತೀರ್ಮಾನ ಏನು ಗೊತ್ತೆ? ನಮ್ಮವರಿಗೆ ತಾಳ ಬರುವುದಿಲ್ಲ! ಹತ್ತೊಂಬತ್ತು ವರ್ಷದ ಹುಡುಗನ ತೀರ್ಮಾನ, ಕ್ಷಮಿಸಿ.

ಆದರೆ ಆ ಮೂರು ಸಂಜೆ ಒಂದೇ ಹಾಡನ್ನು ನೂರು ಸಲ ಕೇಳಿದ್ದೆನಲ್ಲ, ಅದು ತಲೆಯಿಂದ ಹೋಗಲಿಲ್ಲ. ಕೆಲವು ವಾರದ ಮೇಲೆ ಬಸ್ಸಿನಲ್ಲಿ ನಿಂತಿದ್ದಾಗ ಹೊಳೆಯಿತು. ಹಾಡುವವನು ತಪ್ಪುತ್ತಿರಲಿಲ್ಲ. ಕತೆಯಲ್ಲಿ ದುಃಖ ಬಂದಾಗ ಅವನು ನಿಧಾನಿಸುತ್ತಿದ್ದ, ಕಂಸಾಳೆಯೂ ನಿಧಾನಿಸುತ್ತಿತ್ತು. ಹಿಮ್ಮೇಳದವರು ಸೊಲ್ಲು ಎತ್ತಿಕೊಂಡಾಗ ಬೀಸು ಏರುತ್ತಿತ್ತು. ತಾಳ ಕತೆಯ ಬೆನ್ನ ಹಿಂದೆ ನಡೆಯುತ್ತಿತ್ತು. ಇಡೀ ಬಾಲ್ಯ ಮಾದಪ್ಪನ ಕತೆ ಕೇಳಿ ಬೆಳೆದವನಿಗೆ ಇದು ಗೊತ್ತಾದದ್ದು ಒಂದು ವಿಡಿಯೋ ಗೇಮು ಸೋತಾಗ. ಬಿ.ಎ.ಯ ಜಾನಪದ ಪತ್ರಿಕೆಯಲ್ಲಿ ಗೊತ್ತಾಗಲಿಲ್ಲ. ಅಲ್ಲಿ "ಕಂಸಾಳೆಯು ಕಂಚಿನಿಂದ ಮಾಡಿದ ಒಂದು ವಾದ್ಯವಾಗಿದ್ದು" ಅಂತ ಶುರು ಮಾಡಿ ಅರ್ಧ ಪುಟ ಬರೆದು ಐದಕ್ಕೆ ನಾಲ್ಕು ಅಂಕ ತೆಗೆದುಕೊಂಡಿದ್ದೆ.

ಇಲ್ಲಿ ಸಾಹಿತ್ಯದವರ ಜೊತೆ ನನ್ನ ಜಗಳ ಶುರುವಾಗುತ್ತದೆ. ಪಿ.ಕೆ. ರಾಜಶೇಖರ ಅವರಂಥವರು ಊರೂರು ಅಲೆದು ಮಾದೇಶ್ವರನ ಕಾವ್ಯವನ್ನು ಬರೆದುಕೊಳ್ಳದಿದ್ದರೆ ನಮಗೆ ಇವತ್ತು ಮಾತೂ ಉಳಿಯುತ್ತಿರಲಿಲ್ಲ. ಅವರ ಕಾಲಿಗೆ ಬೀಳುತ್ತೇನೆ. ನನ್ನ ತಕರಾರು ಆಮೇಲಿನ ನಮ್ಮ ಮೇಲೆ. ಅಚ್ಚಾದ ಪುಟವನ್ನೇ ಕಾವ್ಯ ಅಂದುಕೊಂಡು ಅದರ ಮೇಲೆ ವಿಚಾರ ಸಂಕಿರಣ, ಪಿಎಚ್.ಡಿ., ಮತ್ತೊಂದು ವಿಚಾರ ಸಂಕಿರಣ. ಪೆಟ್ಟು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಆ ಪುಟದಲ್ಲಿ ಇಲ್ಲ. ಕಾವ್ಯದಿಂದ ತಾಳವನ್ನು ಮೊದಲು ಕಿತ್ತುಕೊಂಡದ್ದು ಮೊಬೈಲಲ್ಲ. ಓದುಬರಹ ಕಲಿತ ನಾವೇ ಕಿತ್ತುಕೊಂಡೆವು, ಮೊಬೈಲು ಬರುವುದಕ್ಕೂ ಬಹಳ ಮೊದಲು.

ಈಗ ಅಪ್ಪಣೆಯ ಮಾತಿಗೆ ಬರುತ್ತೇನೆ. ನನ್ನ ಅಕ್ಕ ಹೈಸ್ಕೂಲಿನಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಬೀಸು ಕಂಸಾಳೆ ಕಲಿಸುತ್ತಿದ್ದರು. ಅವಳು ಹೋಗಿ ಕೇಳಿದಳು. "ಹೆಣ್ಮಕ್ಳು ಕೋಲಾಟ ಆಡ್ಲಿ" ಅಂತ ಕಳಿಸಿದರು. ಮನೆಗೆ ಬಂದು ತಾತನಿಗೆ ಹೇಳಿದರೆ ತಾತ ಅವರ ಪರ. "ದೀಕ್ಸೆ ತಕ್ಕಂಡ ಗುಡ್ಡ್ರು ಇಡಿಯೋದು ಕಣವ್ವ ಅದು." ಅಕ್ಕ ಕೋಲಾಟ ಆಡಿದಳು, ಚೆನ್ನಾಗಿಯೇ ಆಡಿದಳು. ಆದರೆ ಇವತ್ತಿಗೂ ಎರಡು ಸ್ಟೀಲು ತಟ್ಟೆ ಕೈಗೆ ಸಿಕ್ಕರೆ ಒಂದನ್ನು ಎಡಗೈಯಲ್ಲಿ ಅಂಗಾತ ಹಿಡಿದು ಇನ್ನೊಂದನ್ನು ಬೀಸುತ್ತಾಳೆ, ಯಾರೂ ನೋಡದಿದ್ದಾಗ.

ದೇವರಗುಡ್ಡರ ದೀಕ್ಷೆಯನ್ನು ನಾನು ಹಗುರ ಮಾಡುತ್ತಿಲ್ಲ. ಅದು ಒಂದು ವ್ರತ, ಮನೆಮನೆಗೆ ಹೋಗಿ ಬೇಡುವ, ಬೆಟ್ಟಕ್ಕೆ ನಡೆಯುವ ಬದುಕು. ಅದನ್ನು ಗೇಮಿನೊಳಗೆ ಹಾಕಿ ಅಂತ ಯಾರೂ ಕೇಳಿಲ್ಲ. ಆದರೆ ಕಂಸಾಳೆ ಬರೀ ಗುಡ್ಡರ ಕೈಯಲ್ಲಿ ಉಳಿದಿದೆಯೆ? ಸಿನಿಮಾದಲ್ಲಿ ಬೀಸಿದ್ದಾಯಿತು. ದಸರಾ ಮೆರವಣಿಗೆಯಲ್ಲಿ ಬೀಸುತ್ತಾರೆ, ಮಂತ್ರಿಗಳು ಕಾರಿನಿಂದ ಇಳಿಯುವಾಗ ಬೀಸುತ್ತಾರೆ. ಆಗ ಯಾರಿಗೂ ದೀಕ್ಷೆ ನೆನಪಾಗುವುದಿಲ್ಲ. ಒಂದು ಮಗು ನನಗೂ ಕೊಡಿ ಅಂದಾಗ ಮಾತ್ರ ನೆನಪಾಗುತ್ತದೆ. ಈಗೀಗ ವೇದಿಕೆಯ ಮೇಲೆ ಹುಡುಗಿಯರ ತಂಡಗಳೂ ಕಾಣುತ್ತವೆ, ಸಂತೋಷ. ನಮ್ಮ ಮನೆಗೆ ಆ ಸಂತೋಷ ಒಂದು ತಲೆಮಾರು ತಡವಾಗಿ ಬಂತು.

ಜಪಾನಿನವರನ್ನು ನೋಡಿ. 2001ರಲ್ಲಿ ನಾಮ್ಕೋ ಕಂಪನಿ ತಮ್ಮ ದೊಡ್ಡ ಡೋಲು ತೈಕೊವನ್ನು ಆಟ ಮಾಡಿತು, ತೈಕೊ ನೊ ತತ್ಸುಜಿನ್ ಅಂತ. ಕೆಂಪು ಬಿಲ್ಲೆ ಬಂದರೆ ಚರ್ಮದ ಮೇಲೆ ಹೊಡೆಯಬೇಕು, ಅದು ದೊನ್. ನೀಲಿ ಬಂದರೆ ಅಂಚಿಗೆ, ಅದು ಕ. ಇವು ಆಟದವರು ಹುಟ್ಟಿಸಿದ ಶಬ್ದಗಳಲ್ಲ, ಡೋಲು ಕಲಿಸುವವರು ಬಾಯಲ್ಲಿ ಹೇಳಿಕೊಡುವ ಸೊಲ್ಲುಗಳು, ನಮ್ಮ ತಕಧಿಮಿಯ ಹಾಗೆ. 2005ರಲ್ಲಿ ಅದು ಪಿಎಸ್‌ಪಿಗೆ ಬಂತು, 2007ರಲ್ಲಿ ಡಿಎಸ್‌ಗೆ. ಡೋಲಿನ ದೊನ್ನು, ಕ ಎರಡೂ ಮಕ್ಕಳ ಅಂಗೈಗೆ ಬಂದವು. ಇದರಿಂದ ತೈಕೊ ಉದ್ಧಾರವಾಯಿತು ಅಂತ ನಾನು ಹೇಳುವುದಿಲ್ಲ. ಸಾಯಲಂತೂ ಇಲ್ಲ. 2018ರಲ್ಲಿ ಅದೇ ಆಟ ನಿಂಟೆಂಡೊ ಸ್ವಿಚ್‌ಗೆ ಬಂದಾಗ ಎರಡೂ ಕೈಯಲ್ಲಿ ಒಂದೊಂದು ಪುಟ್ಟ ಕಂಟ್ರೋಲರು ಹಿಡಿದು ಗಾಳಿಯಲ್ಲಿ ಬೀಸಿ ಆಡಬಹುದಿತ್ತು, ಜಾರಿ ಬೀಳದ ಹಾಗೆ ಮಣಿಕಟ್ಟಿಗೆ ದಾರ. ಆ ವಿಡಿಯೋ ನೋಡುತ್ತಾ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಕೆಳಗೆ ಕುಚ್ಚು. ಇನ್ನೇನು ಬೇಕು?

ಬೇಕಾದದ್ದು ಬೇಕಾದಷ್ಟಿದೆ, ಅದಕ್ಕೇ ನನಗೆ ಆ್ಯಪು ಮಾಡುವವರ ಮೇಲೂ ಭಯ. ಅವರ ಕೈಗೆ ಇದು ಸಿಕ್ಕರೆ ಏನಾಗುತ್ತದೆ ಅಂತ ಊಹಿಸಬಲ್ಲೆ. ಪರದೆಯ ಮೇಲೆ ಹಳದಿ ರುಮಾಲಿನ ಒಂದು ಬೊಂಬೆ, ಹಿಂದೆ ಏಳು ಮಲೆಯ ಚಿತ್ರ, ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟಿನ ಸಿನಿಮಾ ಹಾಡು, ಬಿಲ್ಲೆ ಮುಟ್ಟಿದಾಗೆಲ್ಲ ಟಿಂಗ್ ಅನ್ನುವ ಒಂದೇ ಸದ್ದು. ಅದು ಗಿಟಾರ್ ಹೀರೋಗೆ ಕಂಸಾಳೆ ವೇಷ ಅಷ್ಟೆ. ನನಗೆ ಬೇಕಾದ ಆಟದಲ್ಲಿ ವೇಗವನ್ನು ಯಂತ್ರ ಹೇಳಬಾರದು, ಹಾಡುವವನ ಉಸಿರು ಹೇಳಬೇಕು. ಅವನು ನಿಧಾನಿಸಿದರೆ ಬಿಲ್ಲೆಯೂ ನಿಧಾನಿಸಬೇಕು, ಆಡುವವರಿಗೆ ಕಣ್ಣಿಗಿಂತ ಕಿವಿ ಮುಖ್ಯವಾಗಬೇಕು. ಮಿಲಿಸೆಕೆಂಡಿನ ಲೆಕ್ಕದಲ್ಲಿ ತಪ್ಪು ಅಂತ ಕೆಂಪು ಗೀಟು ಹಾಕುವ ಬದಲು ಹಿಮ್ಮೇಳದವರ ಹಾಗೆ ಮುಂದಿನ ಸೊಲ್ಲಿಗೆ ಮತ್ತೆ ಸೇರಿಸಿಕೊಳ್ಳಬೇಕು. ಇನ್ನೊಂದು, ಯಾರ ದನಿ ಬಳಸುತ್ತಾರೋ ಅವರ ಹೆಸರು ಮೊದಲ ಪರದೆಯಲ್ಲಿ ಬರಬೇಕು, ದುಡ್ಡು ಅವರ ಖಾತೆಗೆ ಹೋಗಬೇಕು. ಶಾಲು ಹೊದಿಸಿದರೆ ಆಗುವುದಿಲ್ಲ.

"ಗೇಮು ಆಡಿದವರು ಕಂಸಾಳೆ ಕಲಿಯುತ್ತಾರೆಯೇ?" ಅಂತ ಕೇಳುವವರಿಗೆ: ಇಲ್ಲ. ಪ್ಲಾಸ್ಟಿಕ್ ಗಿಟಾರು ಮೀಟಿದವನಿಗೆ ಗಿಟಾರು ಬರುವುದಿಲ್ಲ. ಕಂಚಿನ ಭಾರ ಬೇರೆ, ಬೀಸಿದ ತಾಳ ಬಟ್ಟಲು ತಪ್ಪಿ ಬೆರಳ ಗೆಣ್ಣಿಗೆ ಬಡಿದಾಗಿನ ಉರಿ ಬೇರೆ. ಆದರೆ ಕಾದಂಬರಿ ಓದಿದವರೆಲ್ಲ ಕಾದಂಬರಿ ಬರೆಯುವುದಿಲ್ಲ, ಆ ಕಾರಣಕ್ಕೆ ಓದುವುದನ್ನು ಯಾರೂ ಬೈದದ್ದು ಕಾಣೆ. ನಮಗೆ ಗುಡ್ಡರ ಕೊರತೆ ಇರುವಷ್ಟೇ ಕೇಳುವವರ ಕೊರತೆಯೂ ಇದೆ. ರಾತ್ರಿಯಿಡೀ ನಡೆಯುವ ಕತೆಗೆ ಈಗ ವೇದಿಕೆಯಲ್ಲಿ ಹತ್ತು ನಿಮಿಷ ಕೊಡುತ್ತೇವೆ, ಅದೂ ಪ್ರಾಸ್ತಾವಿಕ ನುಡಿಗೆ ಮುಂಚೆ, ಜನ ಕುರ್ಚಿ ಎಳೆದುಕೊಳ್ಳುವಾಗ.

ಸಭೆ ಮುಗಿದ ಸಂಜೆ ಮನೆಗೆ ಬಂದು ಆ ಹಳೆಯ ಫೈಲು ಹುಡುಕಿದೆ, ಸಿಕ್ಕಿತು. ಈಗ ಕ್ಲೋನ್ ಹೀರೋ ಅಂತ ಅದೇ ಜಾತಿಯ ಪುಕ್ಕಟೆ ಆಟವಿದೆ. ಅದಕ್ಕೆ ಹಾಡು ಕೂರಿಸುವಾಗ ವೇಗವನ್ನು ಎಲ್ಲಿ ಬೇಕಾದರೂ, ಪ್ರತಿ ಪೆಟ್ಟಿಗೂ ಬೇಕಾದರೆ, ಬದಲಿಸಬಹುದು. ಹುಡುಗಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಾಳೆ. ನಾನು 2008ರಲ್ಲಿ ನಿಮಿಷಗಟ್ಟಲೆ ತಪ್ಪಿದ ಕಡೆ ಅವಳು ಒಂದೊಂದೇ ಪೆಟ್ಟು ಕೇಳಿ ಇಡುತ್ತಾಳೆ. ಆರನೇ ನಿಮಿಷದಲ್ಲಿ ಕಂಸಾಳೆ ಪೂರ್ತಿ ನಿಂತುಬಿಡುತ್ತದೆ, ಬರೀ ದನಿ. ನಾನು ಅದನ್ನು ಕ್ಯಾಸೆಟ್ಟಿನ ದೋಷ ಅಂದುಕೊಂಡಿದ್ದೆ. ಅಲ್ಲಿ ಆಡುವವರು ಏನು ಮಾಡಬೇಕು ಅಂತ ಕೇಳಿದೆ. "ಏನೂ ಮಾಡ್ಬಾರ್ದು ಮಾವ, ತಾಳ ಎತ್ತಿ ಇಡ್ಕಂಡಿರ್ಬೇಕು" ಅಂದಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ, ಎತ್ತಿ ಹಿಡಿಯುವುದು ಎಷ್ಟೆತ್ತರಕ್ಕೆ ಅಂತ ಕೈ ಮಾಡಿ ತೋರಿಸಿದಳು. ಇನ್ನು ನಲವತ್ತೊಂದು ನಿಮಿಷ ಬಾಕಿ ಇದೆ.