ಕಾರ್ಣಿಕದ ನೆಲದಲ್ಲಿ ಹವಾಮಾನದ ಇಂಗ್ಲಿಷ್

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಹವಾಮಾನದ ಪದಗಳನ್ನು ಹೇಳಿಕೊಡುವುದು ಅತ್ಯಂತ ಸುಲಭದ ಪಾಠವೆಂಬ ಭಾವನೆ ಶಾಲೆಗಳಲ್ಲಿ ಬೇರೂರಿದೆ. ಸೂರ್ಯ, ಮೋಡ, ಕೊಡೆ ಮತ್ತು ಹಿಮದ ಗೊಂಬೆಯ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಒಂದೊಂದರ ಕೆಳಗೆ ‘ಸನ್ನಿ’, ‘ಕ್ಲೌಡಿ’, ‘ರೇನಿ’, ‘ಸ್ನೋಯಿ’ ಎಂದು ಬರೆದು, ಮಕ್ಕಳಿಂದ ನಾಲ್ಕು ಸಲ ಕೂಗಿಸಿದರೆ ಪಾಠ ಮುಗಿಯುತ್ತದೆ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬೋಧನೆ ಆರಂಭವಾದ ಮೇಲೆ ಈ ಬಗೆಯ ಚಿತ್ರಪಾಠ ಹಳ್ಳಿಯ ಶಾಲೆಯನ್ನೂ ತಲುಪಿದೆ. ಆದರೆ ಚಿತ್ರಕ್ಕೆ ಹೆಸರು ಹೇಳಬಲ್ಲ ಮಗು ಆ ಹೆಸರನ್ನು ಬಳಸಿ ನಾಳಿನ ಬಗ್ಗೆ ಒಂದು ತೀರ್ಮಾನಕ್ಕೆ ಬರಬಲ್ಲುದೇ ಎಂದು ಕೇಳಿದರೆ ಈ ಪದ್ಧತಿಯ ಬಡತನ ಬಯಲಾಗುತ್ತದೆ. ಜನರು ಹವಾಮಾನದ ಬಗ್ಗೆ ಮಾತನಾಡುವುದು ಬಹುಪಾಲು ಏನಾದರೊಂದನ್ನು ನಿರ್ಧರಿಸುವ ಸಲುವಾಗಿಯೇ ಆದ್ದರಿಂದ, ಆ ಪದಗಳನ್ನು ನಿರ್ಧಾರದ ಭಾಷೆಯಾಗಿ ಕಲಿಸಬೇಕೆಂಬುದು ಇಲ್ಲಿ ಮಂಡಿಸಲಾಗುವ ವಾದ.

ಈ ವಾದವನ್ನು ಪರೀಕ್ಷಿಸಲು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ಮಾಲತೇಶ ಸ್ವಾಮಿಯ ಈ ಕ್ಷೇತ್ರದಲ್ಲಿ ಪ್ರತಿವರ್ಷ ನವರಾತ್ರಿಯ ಕೊನೆಯ ಹೊತ್ತಿಗೆ ಕಾರ್ಣಿಕ ನಡೆಯುತ್ತದೆ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ನೆರೆದ ಜನಸ್ತೋಮ ಮೌನವಾದ ಮೇಲೆ ಒಂದೇ ಒಂದು ಸಾಲನ್ನು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಆ ವರ್ಷದ ಮಳೆ, ಬೆಳೆ ಮತ್ತು ರಾಜಕಾರಣದ ಮುನ್ಸೂಚನೆಯೆಂಬುದು ಜನರ ನಂಬಿಕೆ. ದಸರೆ ಬರುವುದು ಹಸ್ತ ಅಥವಾ ಚಿತ್ತಾ ಮಳೆಯ ಆಸುಪಾಸಿನಲ್ಲಿ, ಅಂದರೆ ಮುಂಗಾರಿನ ಫಸಲು ಕೈಗೆ ಬರುವ ಮತ್ತು ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವ ಕಾಲದಲ್ಲಿ ಎಂಬುದನ್ನು ಗಮನಿಸಿದರೆ, ಕಾರ್ಣಿಕವನ್ನು ಕೇಳಲು ಬಂದ ರೈತನ ಕಿವಿ ಏಕೆ ಅಷ್ಟು ಚುರುಕಾಗಿರುತ್ತದೆ ಎಂಬುದು ತಿಳಿಯುತ್ತದೆ. ನುಡಿ ಮುಗಿದ ಗಳಿಗೆಯಿಂದಲೇ ಅದರ ಅರ್ಥದ ಬಗ್ಗೆ ಚರ್ಚೆ ಶುರುವಾಗುತ್ತದೆ. ಒಬ್ಬರು ಅದನ್ನು ಮಳೆಗೆ ಹಚ್ಚಿದರೆ ಇನ್ನೊಬ್ಬರು ಸರಕಾರಕ್ಕೆ ಹಚ್ಚುತ್ತಾರೆ. ಹೀಗೆ ಮುಗಿಲಿನ ಬಗೆಗಿನ ಒಂದು ಮಾತನ್ನು ಕೇಳಿ, ತೂಗಿ, ತಮ್ಮ ಹೊಲಕ್ಕೆ ಅನ್ವಯಿಸಿಕೊಳ್ಳುವ ಅಭ್ಯಾಸವಿರುವ ಊರಿನ ಮಗು ಇಂಗ್ಲಿಷ್ ತರಗತಿಯಲ್ಲಿ ಮಾತ್ರ ಕೊಡೆಯ ಚಿತ್ರಕ್ಕೆ ಹೆಸರು ಹೇಳಿ ಕೂರಬೇಕಾಗಿರುವುದು ಖೇದದ ಸಂಗತಿ.

ಆ ಮಗು ತರಗತಿಗೆ ತರುವ ಜ್ಞಾನ ಸಣ್ಣದಲ್ಲ. ಸೂರ್ಯನು ಒಂದು ನಕ್ಷತ್ರದಲ್ಲಿರುವ ಸುಮಾರು ಹದಿಮೂರು, ಹದಿನಾಲ್ಕು ದಿನಗಳ ಅವಧಿಯನ್ನು ಆ ನಕ್ಷತ್ರದ ಮಳೆಯೆಂದು ಕರೆಯುವ ಲೆಕ್ಕದಲ್ಲಿ, ಮೇ ಕೊನೆಯ ರೋಹಿಣಿ, ಜೂನ್ ಎರಡನೆಯ ವಾರದ ಮಿರಗ, ಜೂನ್ ಕೊನೆಯ ಆರಿದ್ರಾ ಎಂಬಂತೆ ಮಳೆಗಾಲವೆಲ್ಲ ಹೆಸರುಳ್ಳ ಭಾಗಗಳಾಗಿ ಒಡೆದಿರುತ್ತದೆ. ಇದರ ಜೊತೆಗೆ ತುಂತುರು, ಜಿಟಿಜಿಟಿ, ಜಡಿಮಳೆ, ಅಡ್ಡಮಳೆ, ಆಲಿಕಲ್ಲು ಮಳೆ, ಬಿತ್ತನೆಗೆ ಹದವಾದ ಮಳೆ ಎಂಬ ಭೇದಗಳು ಮನೆಯ ಮಾತಿನಲ್ಲೇ ಸಿಗುತ್ತವೆ. ಭಾರತೀಯ ಹವಾಮಾನ ಇಲಾಖೆ ವರ್ಷವನ್ನು ಚಳಿಗಾಲ, ಮುಂಗಾರುಪೂರ್ವ, ನೈಋತ್ಯ ಮುಂಗಾರು ಮತ್ತು ಮುಂಗಾರೋತ್ತರ ಎಂದು ನಾಲ್ಕು ಕಾಲಗಳಾಗಿ ವಿಂಗಡಿಸುವುದು ಈ ಅನುಭವಕ್ಕೆ ಬಹಳ ಹತ್ತಿರವಾಗಿದ್ದು, ಇಂಗ್ಲಿಷ್ ವಾಚಕಗಳ ‘ಸ್ಪ್ರಿಂಗ್’ ಮತ್ತು ‘ಆಟಮ್’ ಅದಕ್ಕೆ ದೂರವಾಗಿವೆ. ಆದುದರಿಂದ ‘ಪ್ರೀ-ಮಾನ್ಸೂನ್’, ‘ಡ್ರೈ ಸ್ಪೆಲ್’, ‘ಡ್ರಿಜಲ್’, ‘ಹೇಲ್‌ಸ್ಟಾರ್ಮ್’ ಎಂಬ ಪದಗಳು ದೇವರಗುಡ್ಡದ ಮಗುವಿಗೆ ‘ಸ್ನೋಯಿ’ಗಿಂತ ಮೊದಲು ಸಿಗಬೇಕು; ಅವುಗಳ ಅರ್ಥ ಅದರ ಬಳಿ ಆಗಲೇ ಇದೆ, ಕಲಿಯಬೇಕಾಗಿರುವುದು ಶಬ್ದವನ್ನಷ್ಟೆ.

ಹೆಸರುಗಳಿಗಿಂತ ಹೆಚ್ಚಿನ ತೊಡಕಿರುವುದು ವಾಕ್ಯರಚನೆಯಲ್ಲಿ. ಕನ್ನಡದಲ್ಲಿ ಮಳೆಯೇ ಕರ್ತೃ; ಅದು ಬರುತ್ತದೆ, ಹೊಡೆಯುತ್ತದೆ, ನಿಲ್ಲುತ್ತದೆ, ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ‘ಇಟ್ ಈಸ್ ರೇನಿಂಗ್’ ಎಂಬ ವಾಕ್ಯದ ‘ಇಟ್’ ಯಾವ ವಸ್ತುವನ್ನೂ ಸೂಚಿಸದೆ ಕರ್ತೃಸ್ಥಾನವನ್ನು ತುಂಬುವ ಬರಿಯ ಪದ. ಇದನ್ನು ವಿವರಿಸದೆ ಬಿಟ್ಟರೆ ಮಗು ‘ರೈನ್ ಈಸ್ ಕಮಿಂಗ್’ ಎಂದೇ ಹೇಳುತ್ತದೆ, ಮತ್ತು ಅದರ ಹಿಂದೆ ಕನ್ನಡದ ಶುದ್ಧ ತರ್ಕವಿರುವುದರಿಂದ ಅದನ್ನು ದಡ್ಡತನವೆಂದು ಗದರುವುದು ಅನ್ಯಾಯವಾಗುತ್ತದೆ. ಪದಗಳ ಸಹವಾಸವೂ ಇಂಥದೇ ಸಮಸ್ಯೆ. ಮಳೆ, ಗಾಳಿ ಎರಡಕ್ಕೂ ಕನ್ನಡದಲ್ಲಿ ‘ಜೋರು’ ಸಾಕಾದರೆ, ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’ ಆಗಬೇಕು. ಒಂಟಿ ಪದಗಳ ಪಟ್ಟಿಯಿಂದ ಇದು ಎಂದಿಗೂ ಬರುವುದಿಲ್ಲವಾದ್ದರಿಂದ ಜೋಡಿಪದಗಳಾಗಿಯೇ ಕಲಿಸುವುದು ಉಚಿತ.

ಸಿಡಿಲಿನ ವಿಷಯದಲ್ಲಿ ತಪ್ಪು ಕೇವಲ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ. ಕನ್ನಡದಲ್ಲಿ ಬೆಳಕು ಮಿಂಚು, ಸದ್ದು ಗುಡುಗು, ನೆಲಕ್ಕೆ ಬಡಿಯುವುದು ಸಿಡಿಲು. ಇಂಗ್ಲಿಷಿನಲ್ಲಿ ಮಿಂಚು ಮತ್ತು ಸಿಡಿಲು ಎರಡೂ ‘ಲೈಟ್ನಿಂಗ್’. ‘ಥಂಡರ್’ ಎಂದರೆ ಸದ್ದು ಮಾತ್ರ. ಸಿಡಿಲಿನ ಜೊತೆ ದೊಡ್ಡ ಸದ್ದು ಬರುವುದರಿಂದ ಸಿಡಿಲನ್ನೇ ‘ಥಂಡರ್’ ಎಂದು ತಿಳಿಯುವ ವಿದ್ಯಾರ್ಥಿ, ‘ಲೈಟ್ನಿಂಗ್’ ಎಂಬ ಎಚ್ಚರಿಕೆಯನ್ನು ಮಿಂಚಿನ ಬೆಳಕಿನ ಸೂಚನೆಯೆಂದಷ್ಟೇ ಓದಿಬಿಡುವ ಸಂಭವವಿದೆ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬಯಲು ಹೊಲದಲ್ಲಿ ಮರದ ಕೆಳಗೆ ನಿಂತ ಜನರ ಪ್ರಾಣ ಹೋಗುವುದು ಈ ‘ಲೈಟ್ನಿಂಗ್’ನಿಂದಲೇ. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಎಂಬ ವಿಜ್ಞಾನದ ಲೆಕ್ಕವನ್ನು ಈ ಎರಡು ಪದಗಳ ಜೊತೆಗೇ ಹೇಳಿಕೊಟ್ಟರೆ, ಯಾವುದು ಮೊದಲು ಕಾಣುತ್ತದೆ, ಯಾವುದು ಆಮೇಲೆ ಕೇಳುತ್ತದೆ, ಯಾವುದು ಕೊಲ್ಲುತ್ತದೆ ಎಂಬುದು ಮರೆಯದಂತೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಆದರೆ ಈ ಪಾಠದ ತಿರುಳು ಇರುವುದು ಮುನ್ಸೂಚನೆಯ ಭಾಷೆಯಲ್ಲಿ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಇಂಗ್ಲಿಷ್ ಪ್ರಕಟಣೆಗಳು ದಿನಬಳಕೆಯ ಪದಗಳಂತೆ ಕಾಣುವ, ಆದರೆ ಅಳತೆಗೆ ಕಟ್ಟಿಹಾಕಿದ ಪದಗಳಿಂದ ರಚಿತವಾಗಿವೆ. ಚಿತ್ರಪುಸ್ತಕದಲ್ಲಿ ‘ರೇನಿ ಡೇ’ ಎಂದರೆ ಕೊಡೆ ಹಿಡಿದ ದಿನ. ಇಲಾಖೆಯ ಲೆಕ್ಕದಲ್ಲಿ ಬೆಳಗಿನ 8.30ರಿಂದ ಮರುದಿನ 8.30ರೊಳಗೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ದಾಖಲಾದ ದಿನ. ‘ಹೆವಿ ರೈನ್’ ಎಂದರೆ 64.5ರಿಂದ 115.5 ಮಿಲಿಮೀಟರ್, ‘ವೆರಿ ಹೆವಿ’ ಎಂದರೆ 204.4ರವರೆಗೆ, ಅದರಾಚೆಗೆ ‘ಎಕ್ಸ್ಟ್ರೀಮ್ಲಿ ಹೆವಿ’. ಮಳೆ ಎಲ್ಲೆಲ್ಲಿ ಬೀಳುತ್ತದೆ ಎಂಬುದಕ್ಕೂ ಇಂಥದೇ ಶ್ರೇಣಿಯಿದೆ. ‘ಐಸೊಲೇಟೆಡ್ ಪ್ಲೇಸಸ್’ ಎಂದಾಗ ನಿಘಂಟಿನ ಅರ್ಥ ಹಿಡಿದ ಓದುಗ ಊರಿನಿಂದ ದೂರದ ಒಂಟಿ ಜಾಗಗಳನ್ನು ಕಲ್ಪಿಸಿಕೊಳ್ಳುತ್ತಾನೆ. ವಾಸ್ತವದಲ್ಲಿ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗಿನ ಕೇಂದ್ರಗಳಲ್ಲಿ ಮಾತ್ರ ಮಳೆಯಾಗುತ್ತದೆ ಎಂಬುದು ಅದರ ಅರ್ಥ. ‘ಸ್ಕ್ಯಾಟರ್ಡ್’ 50ರವರೆಗೆ, ‘ಫೇರ್ಲಿ ವೈಡ್‌ಸ್ಪ್ರೆಡ್’ 75ರವರೆಗೆ, ‘ವೈಡ್‌ಸ್ಪ್ರೆಡ್’ ಅದಕ್ಕಿಂತ ಹೆಚ್ಚು. ಪಕ್ಕದ ಊರಿನ ಹೊಲ ತೊಯ್ದು ತನ್ನ ಹೊಲ ಒಣಗಿರುವುದನ್ನು ಕಂಡ ರೈತನ ಮಗುವಿಗೆ ಈ ಶ್ರೇಣಿಯ ತರ್ಕ ಹೊಸದೇನೂ ಆಗಲಾರದು.

ಇನ್ನೂ ಸೂಕ್ಷ್ಮವಾದುದು ‘ಲೈಕ್ಲಿ’ ಎಂಬ ಪದ. ಸಾಮಾನ್ಯ ಇಂಗ್ಲಿಷಿನಲ್ಲಿ ಅದು ಆಗುವುದೇ ಹೆಚ್ಚು ಎಂಬ ಭಾವವನ್ನು ಕೊಡುತ್ತದೆ. ಹವಾಮಾನ ಇಲಾಖೆ ತನ್ನ ಪ್ರಕಟಣೆಗಳಲ್ಲಿ ಕೊಡುವ ವಿವರಣೆಯ ಪ್ರಕಾರ ‘ಲೈಕ್ಲಿ’ ಎಂದರೆ ನೂರರಲ್ಲಿ 25ರಿಂದ 50ರಷ್ಟು ಸಂಭವ, ‘ವೆರಿ ಲೈಕ್ಲಿ’ ಎಂದರೆ 50ರಿಂದ 75, ‘ಮೋಸ್ಟ್ ಲೈಕ್ಲಿ’ ಎಂದರೆ 75ಕ್ಕಿಂತ ಹೆಚ್ಚು. ವಿಶ್ವಸಂಸ್ಥೆಯ ಆಶ್ರಯದ ವಾಯುಗುಣ ಬದಲಾವಣೆಯ ಅಂತರಸರಕಾರಿ ಸಮಿತಿಯ ವರದಿಗಳಲ್ಲಾದರೋ ಅದೇ ‘ಲೈಕ್ಲಿ’ಗೆ 66ಕ್ಕಿಂತ ಹೆಚ್ಚಿನ ಸಂಭವವೆಂಬ ಅರ್ಥವಿದೆ. ಒಂದೇ ಪದ ಎರಡು ಗಣ್ಯ ಸಂಸ್ಥೆಗಳ ಕೈಯಲ್ಲಿ ಎರಡು ತೂಕ ಪಡೆಯುತ್ತದೆಂದ ಮೇಲೆ, ‘ಲೈಕ್ಲಿ ಎಂದರೆ ಬಹುಶಃ’ ಎಂದು ಬರೆಸಿ ಮುಂದೆ ಸಾಗುವ ಶಿಕ್ಷಕ ವಿದ್ಯಾರ್ಥಿಯ ಕೈಗೆ ತೂಕವಿಲ್ಲದ ತಕ್ಕಡಿಯನ್ನು ಕೊಟ್ಟಂತಾಗುತ್ತದೆ. ಪತ್ರಿಕೆಗಳಲ್ಲಿ ಸಲೀಸಾಗಿ ಬಳಕೆಯಾಗುವ ಬಣ್ಣದ ಸೂಚನೆಗಳಿಗೂ ಈ ಮಾತು ಸಲ್ಲುತ್ತದೆ. ಹಳದಿ ಗಮನಿಸುತ್ತಿರಬೇಕೆಂದು, ಕಿತ್ತಳೆ ಸಿದ್ಧರಾಗಿರಬೇಕೆಂದು, ಕೆಂಪು ಕೂಡಲೇ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತವೆ. ಶಾಲೆಗೆ ರಜೆ ಸಿಗುವ ಸುದ್ದಿಯೆಂದಷ್ಟೇ ಅವು ಮಕ್ಕಳಿಗೆ ಪರಿಚಿತವಾಗಿರುವುದು ಸಾಲದು.

ಕಾರ್ಣಿಕದ ನುಡಿಯನ್ನೂ ಇಲಾಖೆಯ ಪ್ರಕಟಣೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದರಿಂದ ಎರಡರ ಗೌರವಕ್ಕೂ ಕುಂದಿಲ್ಲ. ಕಾರ್ಣಿಕ ಒಂದು ಸಾಲಿನ ರೂಪಕ. ಅದರ ಬಲವಿರುವುದು ಅರ್ಥವನ್ನು ಕೇಳುಗರಿಗೆ ಬಿಟ್ಟುಕೊಡುವುದರಲ್ಲಿ. ಪ್ರಕಟಣೆಯ ಬಲ ಪ್ರತಿ ಪದದ ಎಲ್ಲೆಯನ್ನು ಮೊದಲೇ ಕಟ್ಟಿ, ನಾಳೆ ಅದು ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ಅಳೆಯುವಂತೆ ಮಾಡುವುದರಲ್ಲಿ. ಒಂದು ನಂಬಿಕೆಯ ಮಾತು, ಇನ್ನೊಂದು ಪರೀಕ್ಷೆಗೆ ಒಡ್ಡಿಕೊಳ್ಳುವ ಮಾತು. ಆದರೂ ಎರಡರ ಕೇಳುಗನೂ ನಾಳೆ ಏನಾಗುವುದೆಂದು ಖಚಿತವಾಗಿ ತಿಳಿಯದ ಸ್ಥಿತಿಯಲ್ಲೇ ಬೀಜ, ಗೊಬ್ಬರ, ಕೂಲಿಗಳ ಬಗ್ಗೆ ನಿರ್ಧರಿಸಬೇಕಾಗಿರುವುದರಿಂದ, ಅನಿಶ್ಚಿತತೆಯನ್ನು ಮಾತಿನಲ್ಲಿ ಹಿಡಿಯುವ ಕಷ್ಟ ಈ ಭಾಗದ ಮಕ್ಕಳಿಗೆ ಅಪರಿಚಿತವಲ್ಲ. ಶಿಕ್ಷಕರು ಈ ಪರಿಚಯವನ್ನು ಮೂಢತನವೆಂದು ಬದಿಗೆ ಸರಿಸದೆ, ‘ಮೇ’, ‘ಮೈಟ್’, ‘ಲೈಕ್ಲಿ’, ‘ವಿಲ್’ ಎಂಬ ಪದಗಳ ತೂಕದ ವ್ಯತ್ಯಾಸವನ್ನು ಅದರ ಮೇಲೆ ಕಟ್ಟಬೇಕು.

ವಾತಾವರಣಕ್ಕೆ ಸಂಬಂಧಿಸಿದ ಪದಗಳಲ್ಲಿ ಕನ್ನಡವೇ ಸ್ವಲ್ಪ ಗೊಂದಲವನ್ನು ಉಳಿಸಿಕೊಂಡಿದೆ. ಕೆಲವು ದಿನಗಳ ಸ್ಥಿತಿಯಾದ ‘ವೆದರ್’ ಮತ್ತು ಸಾಮಾನ್ಯವಾಗಿ ಮೂವತ್ತು ವರ್ಷಗಳ ಸರಾಸರಿಯಿಂದ ಗುರುತಿಸಲಾಗುವ ‘ಕ್ಲೈಮೇಟ್’ ಎರಡಕ್ಕೂ ಪತ್ರಿಕೆಗಳು ‘ಹವಾಮಾನ’ ಎಂದೇ ಬಳಸುತ್ತವೆ, ಪಠ್ಯಪುಸ್ತಕಗಳು ಎರಡನೆಯದನ್ನು ‘ವಾಯುಗುಣ’ವೆಂದು ಬೇರ್ಪಡಿಸುತ್ತವೆ. ಈ ಭೇದವನ್ನು ಕನ್ನಡದಲ್ಲಿ ಸ್ಪಷ್ಟಪಡಿಸದೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಲೆಂದು ಕಾಯುವುದು ವ್ಯರ್ಥ. ‘ಅಟ್ಮಾಸ್ಫಿಯರ್’ ಮಾತ್ರ ಸುಲಭ, ಏಕೆಂದರೆ ‘ವಾತಾವರಣ’ದಂತೆಯೇ ಅದೂ ಭೂಮಿಯನ್ನು ಸುತ್ತುವರಿದ ಗಾಳಿಯನ್ನೂ, ಒಂದು ಮನೆಯ ಅಥವಾ ಕಥೆಯ ಮನಃಸ್ಥಿತಿಯನ್ನೂ ಸೂಚಿಸುತ್ತದೆ.

ಮನಃಸ್ಥಿತಿಯ ಮಾತು ಬಂದಾಗ ಬೇರೆಯೇ ಒಂದು ಎಚ್ಚರ ಬೇಕು. ಇಂಗ್ಲಿಷಿನ ‘ಫೈನ್ ವೆದರ್’, ‘ಗ್ಲೂಮಿ ಸ್ಕೈ’ ಎಂಬ ಜೋಡಿಗಳು ಬಿಸಿಲು ಅಪರೂಪವಾದ ದ್ವೀಪದ ಜನರ ಸುಖದುಃಖಗಳಿಂದ ಹುಟ್ಟಿದವು. ಅಲ್ಲಿ ಕಪ್ಪು ಮೋಡ ಬೇಸರಕ್ಕೆ, ಬಿಸಿಲು ಉಲ್ಲಾಸಕ್ಕೆ ಸಂಕೇತ. ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟು ಗೋವಿನಜೋಳ ಬಾಡತೊಡಗಿದ ಊರಿನಲ್ಲಿ ಕಪ್ಪು ಮುಗಿಲು ಜೀವದಾನ. ಹಾಗೆಂದು ಈ ನಾಡಿನಲ್ಲಿ ಮಳೆಯೆಲ್ಲ ಶುಭವೆಂದು ತಿರುಗಿಸಿ ಹೇಳಿದರೂ ತಪ್ಪಾಗುತ್ತದೆ. ಪಕ್ಕದ ಬ್ಯಾಡಗಿಯ ಹೆಸರಿನಿಂದಲೇ ಪ್ರಸಿದ್ಧವಾಗಿ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೆಣಸಿನಕಾಯಿಯನ್ನು ಕಣದಲ್ಲಿ ಹರವಿ ಒಣಗಿಸುವ ಜನವರಿ, ಫೆಬ್ರುವರಿಯಲ್ಲಿ ಅಕಾಲಿಕ ಮಳೆ ಬಿದ್ದರೆ ಕಾಯಿಯ ಬಣ್ಣ ಹೋಗಿ ದರ ಕುಸಿಯುತ್ತದೆ, ಆಗ ಬಿಸಿಲೇ ಬೇಕು. ‘ಗುಡ್ ವೆದರ್’ ಎಂಬುದು ಯಾರಿಗೆ, ಯಾವ ತಿಂಗಳಲ್ಲಿ, ಯಾವ ಬೆಳೆಗೆ ಎಂದು ಪ್ರಶ್ನಿಸುವುದನ್ನು ಕಲಿತ ವಿದ್ಯಾರ್ಥಿ, ಇಂಗ್ಲಿಷ್ ಕವಿತೆಯ ಮಂಕು ಆಕಾಶವನ್ನು ಓದುವಾಗಲೂ ಅದು ಯಾರ ಮಂಕು ಎಂದು ಕೇಳುವ ಸಾಮರ್ಥ್ಯ ಪಡೆಯುತ್ತಾನೆ. ಸಾಹಿತ್ಯದ ಓದಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ಬೇರೆ ಇರಲಾರದು.

ಈ ವಾದಕ್ಕೆ ಆಕ್ಷೇಪಗಳಿವೆ. ಮುನ್ಸೂಚನೆಗಳು ಕನ್ನಡದಲ್ಲೂ ದೊರೆಯುತ್ತಿರುವಾಗ ಇಂಗ್ಲಿಷಿನ ಪ್ರಕಟಣೆ ಓದುವ ಗೋಜೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ರೈತನಿಗೆ ಅವನ ಭಾಷೆಯಲ್ಲೇ ಮಾಹಿತಿ ಸಿಗಬೇಕೆಂಬುದರಲ್ಲಿ ರಾಜಿ ಸಲ್ಲದು. ಆದರೆ ನಾಳೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷಿನಲ್ಲೇ ಪದವಿ ಓದಿ, ಇದೇ ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಸ್ಥಳದಲ್ಲಿ ಕುಳಿತು ಆ ಮಾಹಿತಿಯನ್ನು ಕನ್ನಡಕ್ಕೆ ತರಬೇಕಾದವರು ಇಂದಿನ ಈ ಮಕ್ಕಳೇ. ‘ಐಸೊಲೇಟೆಡ್’ ಪದವನ್ನು ತಪ್ಪಾಗಿ ಕಲಿತವರ ಕನ್ನಡ ಮುನ್ಸೂಚನೆಯೂ ತಪ್ಪಾಗಿಯೇ ಇರುತ್ತದೆ. ಮನೆಮಾತನ್ನು ತರಗತಿಗೆ ತಂದರೆ ಇಂಗ್ಲಿಷ್ ಹಿಂದುಳಿಯುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಪರಿಗಣಿಸಿ ಆಗಲೇ ಉತ್ತರಿಸಿದೆ. ಹಿಮದ ಗೊಂಬೆಯನ್ನೂ ಯಾರೂ ಕಸಿದುಕೊಳ್ಳಬೇಕಾಗಿಲ್ಲ; ಜಗತ್ತಿನ ಭೂಗೋಳವನ್ನು ಓದುವ ತರಗತಿಯಲ್ಲಿ ಅದು ತನ್ನ ಸ್ಥಾನಕ್ಕೆ ಬರಲಿ.

ಬದಲಾವಣೆಗೆ ತಡೆಯಾಗಿರುವುದು ಹೆಚ್ಚಾಗಿ ಪರೀಕ್ಷೆ. ಚಿತ್ರ ನೋಡಿ ಹೆಸರು ಬರೆಯಿರಿ ಎಂದು ಪ್ರಶ್ನೆಪತ್ರಿಕೆ ಕೇಳುವವರೆಗೆ ಶಿಕ್ಷಕರು ಚಿತ್ರವನ್ನೇ ಕಲಿಸುತ್ತಾರೆ, ಅದು ಅವರ ದೋಷವಲ್ಲ. ಎಂಟನೆಯ ತರಗತಿಯ ಪತ್ರಿಕೆಯಲ್ಲಿ ಎರಡು ಸಾಲಿನ ಒಂದು ಮುನ್ಸೂಚನೆಯನ್ನು ಕೊಟ್ಟು, ನಾಳೆ ‘ಐಸೊಲೇಟೆಡ್’ ಕಡೆಗಳಲ್ಲಿ ಹಗುರ ಮಳೆ ‘ಲೈಕ್ಲಿ’ ಎಂದಿದ್ದರೆ ಕಣದಲ್ಲಿ ಹರವಿದ ಮೆಣಸಿನಕಾಯಿಯನ್ನು ಇಂದು ಸಂಜೆ ಒಟ್ಟಿ ತಾಡಪಾಲು ಮುಚ್ಚಬೇಕೇ ಬೇಡವೇ ಎಂದು ಕೇಳಿ, ಉತ್ತರವನ್ನು ಕಾರಣಸಹಿತ ಇಂಗ್ಲಿಷಿನಲ್ಲಿ ಬರೆಯಲು ಹೇಳಬಹುದು. ಸಂಭವ ಕಡಿಮೆಯಿರುವುದರಿಂದ ಬೇಡ ಎಂದವರೂ, ಸಂಭವ ಕಡಿಮೆಯಾದರೂ ಬಣ್ಣ ಹೋದರೆ ನಷ್ಟ ದೊಡ್ಡದಾದ್ದರಿಂದ ಬೇಕು ಎಂದವರೂ ಪದಗಳ ಅರ್ಥವನ್ನು ಸರಿಯಾಗಿ ಹಿಡಿದಿದ್ದರೆ ಇಬ್ಬರಿಗೂ ಪೂರ್ಣ ಅಂಕ ಸಲ್ಲಬೇಕು.